ಅಂಗಳದಡಿಯ ಪೈಪು ಯಾರದು?

ಅಮೆರಿಕದಲ್ಲಿ ಸ್ವಂತ ಮನೆ ಮಾಡಿಕೊಂಡ ಕನ್ನಡಿಗರು ವೀಸಾ, ತೆರಿಗೆಗಳ ವಿಚಾರ ಬಿಟ್ಟರೆ ನನಗೆ ಹೆಚ್ಚಾಗಿ ಬರೆದು ಕೇಳುವುದು ಒಂದು ಕಾಗದದ ಬಗ್ಗೆ. ಲಕೋಟೆಯ ಮೂಲೆಯಲ್ಲಿ ಊರಿನ ಆಡಳಿತದ ಲಾಂಛನ. ಒಳಗೆ ತೆರೆದರೆ ಗಂಭೀರ ಧಾಟಿಯ ಒಕ್ಕಣೆ: ನಿಮ್ಮ ಮನೆಯ ಹೊರಗೆ, ನೆಲದಡಿಯಲ್ಲಿರುವ ನೀರಿನ ಪೈಪು ಮತ್ತು ಒಳಚರಂಡಿ ಪೈಪು ಕೆಟ್ಟರೆ ರಿಪೇರಿ ಖರ್ಚು ನಿಮ್ಮದೇ, ನಗರದ್ದಲ್ಲ, ತಿಂಗಳಿಗೆ ಇಷ್ಟು ಡಾಲರ್ ಕಟ್ಟಿ ನಮ್ಮ ವಾರಂಟಿಗೆ ಸೇರಿ, ಇಂಥ ತಾರೀಕಿನೊಳಗೆ ಉತ್ತರಿಸಿ. ಆ ತಾರೀಕು ಕಳೆದ ಮೇಲೆ ಇನ್ನೊಂದು ಕಾಗದ, ಇನ್ನೊಂದು ತಾರೀಕು. ಇದು ಮೋಸವೆಂದು ಹರಿದು ಬಿಸಾಡುವವರಿದ್ದಾರೆ. ಮುನ್ಸಿಪಾಲಿಟಿಯ ನೋಟೀಸೇ ಇರಬೇಕೆಂದು ಹೆದರಿ ಅವತ್ತೇ ದುಡ್ಡು ಕಟ್ಟಿದವರೂ ಇದ್ದಾರೆ. ಅದು ಮೋಸವೂ ಅಲ್ಲ, ನೋಟೀಸೂ ಅಲ್ಲ. ಖಾಸಗಿ ಕಂಪನಿಯೊಂದು ಊರಿನ ಒಪ್ಪಿಗೆ ಪಡೆದು ಮಾಡುವ ವ್ಯಾಪಾರ. ಸೇರಲೇಬೇಕೆಂದು ಯಾರೂ ಕಟ್ಟಿಹಾಕಿಲ್ಲ. ಆದರೆ ಅದರಲ್ಲಿ ಬರೆದಿರುವ ಒಂದು ಮಾತು ಮಾತ್ರ ನಿಜ: ಪೈಪು ನಿಮ್ಮದು.

ನಮ್ಮವರಿಗೆ ಅರಗಲು ಕಷ್ಟವಾಗುವುದು ಇದೇ. ಬೆಂಗಳೂರಿನಲ್ಲಿ ಬೆಳೆದವರ ಲೆಕ್ಕದಲ್ಲಿ ಕಾಂಪೌಂಡಿನಾಚೆ ಏನಾದರೂ ಕಟ್ಟಿಕೊಂಡರೆ ಅದು ಜಲಮಂಡಳಿಯ ತಲೆನೋವು. ಫೋನು ಮಾಡಿ, ಇಂಜಿನಿಯರನ್ನು ಕಾಡಿ ಬೇಡಿ, ಜೆಟ್ಟಿಂಗ್ ಮೆಷಿನ್ ಕರೆಸಿದರೆ ಮುಗಿಯಿತು. ಅಮೆರಿಕದ ಬಹುಪಾಲು ಊರುಗಳಲ್ಲಿ ರಸ್ತೆಯ ನಡುವೆ ಓಡುವ ದೊಡ್ಡ ಕೊಳವೆ ಮಾತ್ರ ನಗರದ್ದು. ಅಲ್ಲಿಂದ ಮನೆಗೆ ಬರುವ ಕವಲು ಪೂರ್ತಿಯಾಗಿಯೋ ಭಾಗಶಃವೋ ಮನೆಯೊಡೆಯನದು. ನೀರಿನ ಪೈಪಿನಲ್ಲಿ ಸಾಮಾನ್ಯವಾಗಿ ಫುಟ್‌ಪಾತಿನ ಹತ್ತಿರದ ಕರ್ಬ್ ಸ್ಟಾಪ್ ಎಂಬ ವಾಲ್ವಿನ ತನಕ ನಗರದ ಪಾಲು, ಅಲ್ಲಿಂದೀಚೆಗೆ ನಿಮ್ಮ ಪಾಲು. ಒಳಚರಂಡಿಯಲ್ಲಿ ಇನ್ನೂ ಕಟ್ಟುನಿಟ್ಟು. ಹಲವು ಊರುಗಳಲ್ಲಿ ರಸ್ತೆಯ ಡಾಂಬರಿನಡಿ ಹಾದುಹೋಗಿ ದೊಡ್ಡ ಕೊಳವೆಯನ್ನು ಕೂಡುವ ಜಾಗದವರೆಗೂ ಅದು ನಿಮ್ಮದೇ. ನ್ಯೂಯಾರ್ಕ್ ನಗರದಲ್ಲಂತೂ ನೀರಿನದ್ದೂ ಚರಂಡಿಯದ್ದೂ ಎರಡೂ ಹಾಗೆಯೇ. ಅಂದರೆ ರಸ್ತೆ ಅಗೆಯಲು ಪರವಾನಗಿ, ಅಗೆದ ಮೇಲೆ ಮತ್ತೆ ಡಾಂಬರು, ವಾಹನ ತಡೆಯುವವನ ಕೂಲಿ, ಎಲ್ಲವೂ ನಿಮ್ಮ ಬಿಲ್ಲಿಗೆ. ಗಡಿ ಎಲ್ಲಿದೆ ಎಂಬುದು ಊರಿಂದ ಊರಿಗೆ ಬದಲಾಗುವುದರಿಂದ ಪಕ್ಕದ ಟೌನಿನ ಗೆಳೆಯನ ಅನುಭವ ನಿಮಗೆ ಉಪಯೋಗಕ್ಕೆ ಬಾರದು. ಊರಿನ ವಾಟರ್ ಡಿಪಾರ್ಟ್‌ಮೆಂಟಿಗೆ ಫೋನು ಮಾಡಿ ಕೇಳುವುದೇ ಸರಿ. ಐದು ನಿಮಿಷದ ಕೆಲಸ, ಆದರೂ ಮಾಡಿದವರು ಕಡಿಮೆ.

ನನ್ನ ಚಿಕ್ಕಪ್ಪನ ಮಗಳ ಮನೆ ಕ್ಲೀವ್‌ಲ್ಯಾಂಡ್ ಹತ್ತಿರದ ಹಳೆಯ ಬಡಾವಣೆಯೊಂದರಲ್ಲಿದೆ. ಮಹಾಯುದ್ಧಕ್ಕೂ ಮುಂಚಿನ ಇಟ್ಟಿಗೆ ಮನೆ, ಎದುರಿಗೆ ಭಾರಿ ಮೇಪಲ್ ಮರ. ಮರ ನೋಡಿಯೇ ಮನೆ ಕೊಂಡಿದ್ದು ಎಂದು ಭಾವ ಹೇಳುತ್ತಿರುತ್ತಾರೆ. ಹಾಸನದಿಂದ ಚಿಕ್ಕಮ್ಮ ಬಂದಿದ್ದಾಗ ಒಂದು ದಿನ ಮೇಲೆ ಬಟ್ಟೆ ಒಗೆಯುವ ಮೆಷಿನ್ ನೀರು ಬಿಟ್ಟಿತು, ಕೆಳಗೆ ಬೇಸ್‌ಮೆಂಟಿನ ನೆಲದ ಜಾಲರಿಯಿಂದ ಕಪ್ಪು ನೀರು ಉಕ್ಕಿತು. ಚಿಕ್ಕಮ್ಮ ಸೀರೆ ಎತ್ತಿ ಕಟ್ಟಿ ಮೆಟ್ಟಿಲ ಮೇಲೆ ನಿಂತು, “ಅಲ್ಲ ಕಣೇ, ಅಮೆರಿಕ ಅಮೆರಿಕ ಅಂತೀರಿ, ಮೋರಿ ಮನೆಯೊಳಗೇ ಬಂತಲ್ಲೇ!” ಎಂದರಂತೆ. ಭಾವ ನಗರಕ್ಕೆ ಫೋನು ಮಾಡಿದರು. ನಗರದವರು ಒಳ್ಳೆಯವರೇ, ಬೇಗನೆ ಬಂದರು, ರಸ್ತೆಯ ಮ್ಯಾನ್‌ಹೋಲ್ ಮುಚ್ಚಳ ತೆಗೆದು ಬಗ್ಗಿ ನೋಡಿ ನಮ್ಮ ಲೈನು ಸಲೀಸಾಗಿ ಹರಿಯುತ್ತಿದೆ ಎಂದು ಹೇಳಿ ಹೊರಟರು. ಮಿಕ್ಕಿದ್ದು ಭಾವನ ಪಾಲು. ಪ್ಲಂಬರ್ ಬಂದು ಉದ್ದನೆಯ ಕೇಬಲ್ ತುರುಕಿ ತಿರುಗಿಸಿದಾಗ ತುದಿಗೆ ಸಿಕ್ಕಿಕೊಂಡು ಬಂದದ್ದು ಕೂದಲಿನಂಥ ಬೇರಿನ ಜಡೆ. ಆಮೇಲೆ ಕ್ಯಾಮೆರಾ ಬಿಟ್ಟು ನೋಡಿದರೆ ಪೈಪಿನ ಒಂದೊಂದು ಸಂದಿಯಲ್ಲೂ ಬೇರು, ಒಂದು ಕಡೆ ಪೈಪೇ ಕುಸಿದಿದೆ. ಅಂಗಳ ಅಗೆದು ಬದಲಾಯಿಸಲು ಪ್ಲಂಬರ್ ಕೇಳಿದ್ದು 12,000 ಡಾಲರ್. ಮನೆಯ ಇನ್ಶೂರೆನ್ಸ್‌ನವರು ಪಾಲಿಸಿ ತೆಗೆದು ತೋರಿಸಿದರು: ಸವಕಳಿ, ಬೇರು, ಹಳತಾಗಿ ಕೆಟ್ಟದ್ದು ಇವಕ್ಕೆ ಪರಿಹಾರವಿಲ್ಲ. ತಂಗಿಗೆ ಆಗ ಆ ಲಾಂಛನದ ಕಾಗದ ನೆನಪಾಗಿ ವಾರಂಟಿ ಕಂಪನಿಗೆ ಫೋನು ಮಾಡಿದಳು. ಅವರೂ ಮರ್ಯಾದೆಯಿಂದಲೇ ಹೇಳಿದರು, ಈಗಾಗಲೇ ಕೆಟ್ಟಿರುವುದು ನಮ್ಮ ಲೆಕ್ಕಕ್ಕೆ ಬರುವುದಿಲ್ಲ ಎಂದು.

ಆ ಮನೆಯ ಪೈಪು ಸುಟ್ಟ ಜೇಡಿಮಣ್ಣಿನದು. ನಮ್ಮೂರುಗಳ ಯುಜಿಡಿಯಲ್ಲಿ ಕಾಣುವ ಸ್ಟೋನ್‌ವೇರ್ ಪೈಪಿನ ಜಾತಿ. ಮಣ್ಣಿನ ಪೈಪಿಗೆ ತುಕ್ಕಿನ ಭಯವಿಲ್ಲ, ಆಸಿಡ್ ಬಿದ್ದರೂ ಜಗ್ಗುವುದಿಲ್ಲ. ಆದರೆ ಹಳೆಯವು ಎರಡು ಮೂರು ಅಡಿಯ ತುಂಡುಗಳು. ಮನೆಯಿಂದ ರಸ್ತೆಗೆ ಹೋಗುವಷ್ಟರಲ್ಲಿ ಹತ್ತಾರು ಸಂದಿ. ಬೇಸಗೆಯಲ್ಲಿ ಬೇರು ನೀರಿನ ಪಸೆ ಹುಡುಕಿಕೊಂಡು ಬಂದು ಕೂದಲೆಳೆಯಷ್ಟು ಬಿರುಕು ಸಿಕ್ಕರೂ ಒಳಗೆ ನುಗ್ಗುತ್ತದೆ, ಒಳಗೆ ದಪ್ಪವಾಗಿ ಸಂದಿಯನ್ನು ಇನ್ನಷ್ಟು ಬಿಡಿಸುತ್ತದೆ. ಇದಕ್ಕಿಂತ ಕೆಟ್ಟದ್ದು ಆರೆಂಜ್‌ಬರ್ಗ್ ಪೈಪು. ಮರದ ನಾರನ್ನು ಒತ್ತಿ ಡಾಂಬರಿನಂಥ ಪಿಚ್‌ನಲ್ಲಿ ನೆನೆಸಿ ಮಾಡಿದ್ದು. ನ್ಯೂಯಾರ್ಕ್ ರಾಜ್ಯದ ಆರೆಂಜ್‌ಬರ್ಗ್‌ನಲ್ಲಿ ತಯಾರಾಗುತ್ತಿದ್ದುದರಿಂದ ಆ ಹೆಸರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಬ್ಬಿಣ ಸಿಗದೆ ಹೋದಾಗ ಇದು ಚಾಲ್ತಿಗೆ ಬಂತು. ಯುದ್ಧ ಮುಗಿದು ಸೈನಿಕರು ಮನೆಗೆ ಮರಳಿ ಬಡಾವಣೆಗಳು ನಾಯಿಕೊಡೆಯಂತೆ ಎದ್ದಾಗ, ಅಗ್ಗವೆಂದು ಎಲ್ಲೆಡೆ ಹೂತರು. 1970ರ ದಶಕದ ಆರಂಭದ ಹೊತ್ತಿಗೆ ಅದರ ಕಾಲ ಮುಗಿಯಿತು, ಪಿವಿಸಿ ಬಂತು. ನೆಲದಡಿ ಉಳಿದ ಆರೆಂಜ್‌ಬರ್ಗ್ ಮೇಲಿನ ಮಣ್ಣಿನ ಭಾರಕ್ಕೆ ನಿಧಾನವಾಗಿ ಚಪ್ಪಟೆಯಾಗುತ್ತಿದೆ. 1945ರಿಂದ 1972ರ ನಡುವಿನ ಮನೆ ಕೊಂಡವರು ಈ ಹೆಸರನ್ನು ಬಾಯಿಪಾಠ ಮಾಡಿಕೊಂಡರೆ ನಷ್ಟವಿಲ್ಲ.

ಇನ್ನು ಕಾಗದ ಕಳಿಸುವವರು ಯಾರು? ದೊಡ್ಡ ಹೆಸರು ಹೋಮ್‌ಸರ್ವ್. 1993ರಲ್ಲಿ ಇಂಗ್ಲೆಂಡಿನಲ್ಲಿ ಸೌತ್ ಸ್ಟಾಫರ್ಡ್‌ಶೈರ್ ಎಂಬ ನೀರು ಸರಬರಾಜು ಕಂಪನಿಯ ಜೊತೆಗೂಡಿ ಹುಟ್ಟಿದ ವ್ಯವಹಾರ. ನೀರಿನ ಬಿಲ್ಲು ಕಳಿಸುವವರ ಹೆಸರಿನಲ್ಲೇ ಪೈಪಿನ ರಕ್ಷಣೆ ಮಾರಿದರೆ ಜನ ನಂಬುತ್ತಾರೆ ಎಂಬ ಸರಳ ಸತ್ಯವನ್ನು ಆ ಕಂಪನಿ ಚೆನ್ನಾಗಿ ಅರಿತಿತ್ತು. ಅಟ್ಲಾಂಟಿಕ್ ದಾಟಿ ಬಂದ ಮೇಲೂ ಸೂತ್ರ ಅದೇ. ಅಮೆರಿಕದ ನಗರಾಡಳಿತಗಳ ಒಕ್ಕೂಟವಾದ ನ್ಯಾಷನಲ್ ಲೀಗ್ ಆಫ್ ಸಿಟೀಸ್ 2010ರಲ್ಲಿ ಸರ್ವಿಸ್ ಲೈನ್ ವಾರಂಟೀಸ್ ಆಫ್ ಅಮೆರಿಕ ಎಂಬ ಕಂಪನಿಯ ಜೊತೆ ಸೇರಿ ಇಂಥದೇ ಯೋಜನೆ ಶುರುಮಾಡಿತು. ಆ ಕಂಪನಿಯೂ ಆಮೇಲೆ ಹೋಮ್‌ಸರ್ವ್‌ನ ತೆಕ್ಕೆಗೆ ಬಂತು. ನ್ಯೂಯಾರ್ಕ್ ನಗರ 2013ರಲ್ಲಿ ಅಮೆರಿಕನ್ ವಾಟರ್ ರಿಸೋರ್ಸಸ್ ಜೊತೆ ಒಪ್ಪಂದದ ಯೋಜನೆ ಜಾರಿಗೆ ತಂದು, ಅದರ ಶುಲ್ಕವನ್ನು ನಗರದ ನೀರಿನ ಬಿಲ್ಲಿನಲ್ಲೇ ಸೇರಿಸಿತು.

ಊರುಗಳು ತಮ್ಮ ಲಾಂಛನವನ್ನು ಪುಕ್ಕಟೆಯಾಗಿ ಕೊಡುವುದಿಲ್ಲ. ಹಲವು ಕಡೆಯ ಒಪ್ಪಂದಗಳಲ್ಲಿ ಒಂದು ಮನೆಗೆ, ಒಂದು ವಾರಂಟಿಗೆ, ತಿಂಗಳಿಗೆ 50 ಸೆಂಟ್ ಊರಿನ ಖಜಾನೆಗೆ ಸಂದಾಯವಾಗುತ್ತದೆ. ಕೆಲವು ಕೌನ್ಸಿಲ್‌ಗಳು ನಮಗೆ ಆ ದುಡ್ಡು ಬೇಡ, ಜನರ ಶುಲ್ಕದಲ್ಲೇ ಇಳಿಸಿ ಎಂದದ್ದುಂಟು. ಅಂಥ ಊರಿನ ಬಗ್ಗೆ ನನಗೆ ಗೌರವ. ಉಳಿದವರನ್ನು ಕಳ್ಳರೆನ್ನಲಾರೆ. ಕೌನ್ಸಿಲ್ ಸಭೆಯಲ್ಲಿ ಬಹಿರಂಗವಾಗಿ ಗೊತ್ತುವಳಿ ಮಾಡಿಯೇ ಒಪ್ಪಿದ್ದಾರೆ, ನಡಾವಳಿ ಇಂಟರ್ನೆಟ್ಟಿನಲ್ಲೇ ಸಿಗುತ್ತದೆ. ಆದರೆ ಕಂದಾಯದ ಕಾಗದಕ್ಕೂ ಜಾಹೀರಾತಿನ ಕಾಗದಕ್ಕೂ ಒಂದೇ ಲಾಂಛನ ಒತ್ತಿದರೆ ಎಪ್ಪತ್ತು ದಾಟಿದ ಒಂಟಿ ಅಜ್ಜಿ ವ್ಯತ್ಯಾಸ ಹೇಗೆ ಹಿಡಿದಾಳು? ಇದು ಮುಜುಗರದ ವ್ಯಾಪಾರ ಎಂದೇ ನನ್ನ ಭಾವನೆ. ಬ್ರಿಟನ್ನಿನಲ್ಲಿ ಹೋಮ್‌ಸರ್ವ್‌ಗೆ ಅಲ್ಲಿನ ಹಣಕಾಸು ನಿಯಂತ್ರಣ ಪ್ರಾಧಿಕಾರ 2014ರಲ್ಲಿ 3 ಕೋಟಿ ಪೌಂಡಿಗೂ ಹೆಚ್ಚು ದಂಡ ಹಾಕಿತ್ತು. ಪಾಲಿಸಿಗಳನ್ನು ತಪ್ಪಾಗಿ ಮಾರಿದ್ದಕ್ಕೆ, ದೂರುಗಳನ್ನು ಸರಿಯಾಗಿ ವಿಚಾರಿಸದಿದ್ದಕ್ಕೆ. ಅದು ಅಲ್ಲಿನ ಕಥೆ, ಇಲ್ಲಿನ ವಾರಂಟಿ ಪಡೆದು ತಕರಾರಿಲ್ಲದೆ ಪೈಪು ಬದಲಾಯಿಸಿಕೊಂಡವರನ್ನೂ ಕಂಡಿದ್ದೇನೆ. ಆದರೂ ಲಾಂಛನ ನೋಡಿ ಸಹಿ ಹಾಕಬೇಡಿ, ಕರಾರು ಓದಿ ಹಾಕಿ ಎನ್ನುವುದಕ್ಕೆ ಇಷ್ಟು ಸಾಕು.

ಕರಾರಿನಲ್ಲಿ ನೋಡಬೇಕಾದದ್ದು ಸಣ್ಣಕ್ಷರದಲ್ಲಿ ಇರುತ್ತದೆ. ಸೇರಿದ ದಿನವೇ ರಕ್ಷಣೆ ಶುರುವಾಗುವುದಿಲ್ಲ. ಸಾಮಾನ್ಯವಾಗಿ 30 ದಿನ ಕಾಯಬೇಕು. ಅದಕ್ಕೂ ಮುಂಚೆ ಇದ್ದ ದೋಷ ಸೇರುವುದಿಲ್ಲ. ಒಂದು ಸಲದ ರಿಪೇರಿಗೆ ಇಂತಿಷ್ಟೇ ಎಂಬ ಮಿತಿ ಇರಬಹುದು, ರಸ್ತೆ ಅಗೆಯಬೇಕಾದರೆ ಬೇರೆಯೇ ಮಿತಿ. ಅಗೆದ ಹೊಂಡ ಮುಚ್ಚಿ ಹುಲ್ಲಿನ ಬೀಜ ಚೆಲ್ಲಿ ಹೋಗುತ್ತಾರೆ. ನೀವು ಆಸೆಪಟ್ಟು ಹಾಕಿಸಿದ ಕಲ್ಲುಹಾಸು, ಗುಲಾಬಿ ಮಡಿ ಮೊದಲಿನಂತಾಗುವ ಭರವಸೆ ಇರಲಿಕ್ಕಿಲ್ಲ. ಬೇಸ್‌ಮೆಂಟಿನಲ್ಲಿ ಹಾಳಾದ ಕಾರ್ಪೆಟ್ಟು, ಅಟ್ಟಕ್ಕೆ ಹತ್ತಿಸದೆ ಇಟ್ಟ ಸೂಟ್‌ಕೇಸು, ಅದರೊಳಗಿನ ರೇಷ್ಮೆಸೀರೆ ಇವ್ಯಾವುವೂ ಪೈಪಿನ ವಾರಂಟಿಗೆ ಸಂಬಂಧಿಸಿದ್ದಲ್ಲ. ನೀರಿಗೆ ಒಂದು, ಚರಂಡಿಗೆ ಒಂದು, ಮನೆಯೊಳಗಿನ ನಲ್ಲಿಗೆ ಇನ್ನೊಂದು ಎಂದು ಬೇರೆ ಬೇರೆ ವಾರಂಟಿ ಮಾರುತ್ತಾರೆ. ಮೊದಲ ವರ್ಷದ ದರ ರಿಯಾಯಿತಿಯದ್ದಾಗಿದ್ದು ಎರಡನೆಯ ವರ್ಷದಿಂದ ಏರುವುದೂ, ನೀವು ಬೇಡವೆನ್ನುವ ತನಕ ತಾನಾಗಿ ನವೀಕರಣವಾಗುತ್ತ ಹೋಗುವುದೂ ಉಂಟು.

ಈಗ ನಾನು ಪ್ರತಿಯೊಬ್ಬರಿಗೂ ಬರೆಯುವ ಉತ್ತರದ ಮುಖ್ಯ ಮಾತಿಗೆ ಬರುತ್ತೇನೆ. ಆ ಕಾಗದವನ್ನು ಪಕ್ಕಕ್ಕಿಟ್ಟು ಮೊದಲು ನಿಮ್ಮ ಮನೆಯ ಇನ್ಶೂರೆನ್ಸ್ ಏಜೆಂಟಿಗೆ ಫೋನು ಮಾಡಿ, “ನಿಮ್ಮಲ್ಲಿ ಸರ್ವಿಸ್ ಲೈನ್ ಎಂಡಾರ್ಸ್‌ಮೆಂಟ್ ಇದೆಯೇ?” ಎಂದು ಕೇಳಿ. ಸಾಮಾನ್ಯ ಪಾಲಿಸಿ ಹಳತಾಗಿ ಕೆಟ್ಟ ಪೈಪಿಗೆ ದುಡ್ಡು ಕೊಡದಿದ್ದರೂ, ಅದರ ಮೇಲೆ ಸೇರಿಸಿಕೊಳ್ಳಬಹುದಾದ ಈ ಪುರವಣಿಯನ್ನು ಈಗ ಹಲವು ಇನ್ಶೂರೆನ್ಸ್ ಕಂಪನಿಗಳು ಕೊಡುತ್ತವೆ. ಸಾಮಾನ್ಯವಾಗಿ 10,000 ಡಾಲರ್ ತನಕ ರಕ್ಷಣೆ, ಮೊದಲ 500 ಡಾಲರ್ ನಿಮ್ಮ ಕೈಯಿಂದ. ಸವಕಳಿ, ತುಕ್ಕು, ಬೇರು ಎಲ್ಲ ಸೇರುತ್ತವೆ, ಜೊತೆಗೆ ನೆಲದಡಿಯ ಕರೆಂಟು ಮತ್ತು ಇಂಟರ್ನೆಟ್ ತಂತಿಗಳೂ. ವಾರಂಟಿಗೆ ವರ್ಷವಿಡೀ ಕಟ್ಟುವುದರ ಒಂದು ಭಾಗದಲ್ಲೇ ಇದು ಮುಗಿಯುವುದುಂಟು. ಇದರ ಜೊತೆ ವಾಟರ್ ಬ್ಯಾಕಪ್ ಎಂಬ ಇನ್ನೊಂದು ಪುರವಣಿಯ ವಿಚಾರವನ್ನೂ ಕೇಳಿ. ಬೇಸ್‌ಮೆಂಟಿಗೆ ಉಕ್ಕಿ ಬಂದ ನೀರಿನಿಂದ ಹಾಳಾದ ಸಾಮಾನಿಗೆ ಪರಿಹಾರ ಸಿಗುವುದು ಅದರಿಂದ. ಎರಡನ್ನೂ ಒಂದೇ ಎಂದುಕೊಂಡು ಒಂದನ್ನು ಮಾತ್ರ ತೆಗೆದುಕೊಳ್ಳುವವರು ಬಹಳ. ವಾರಂಟಿಗೂ ಒಂದು ಅನುಕೂಲವಿದೆ, ಅದನ್ನು ಮುಚ್ಚಿಡಬಾರದು: ರಿಪೇರಿ ಖರ್ಚಿನ ಮೊದಲ ಪಾಲನ್ನು ಕೈಯಿಂದ ಕೊಡಬೇಕಿಲ್ಲದ ಯೋಜನೆಗಳು ಬಹಳ, ಪ್ಲಂಬರನ್ನು ಅವರೇ ಕಳಿಸುತ್ತಾರೆ. ಊರಿಗೆ ಹೊಸಬರಾಗಿ ಯಾರನ್ನು ಕರೆಯಬೇಕೆಂದು ಗೊತ್ತಿಲ್ಲದವರಿಗೆ ಇದು ಸಣ್ಣ ಮಾತಲ್ಲ.

ಲೆಕ್ಕವನ್ನೂ ಒಮ್ಮೆ ಹಾಕಿ ನೋಡೋಣ. ಎರಡೂ ಪೈಪಿಗೆ ಸೇರಿ ತಿಂಗಳಿಗೆ 12 ಡಾಲರ್ ಎಂದುಕೊಂಡರೆ ವರ್ಷಕ್ಕೆ 144, 15 ವರ್ಷಕ್ಕೆ 2,160 ಡಾಲರ್, ದರ ಏರದಿದ್ದರೆ. ಮನೆ 2005ರದ್ದು, ಪೈಪು ಪಿವಿಸಿ, ಅಂಗಳದಲ್ಲಿ ಒಂದು ಪೊದೆ ಬಿಟ್ಟರೆ ಮರವಿಲ್ಲ ಎಂದಾದರೆ ಆ ದುಡ್ಡು ನಿಮ್ಮ ಬ್ಯಾಂಕಿನಲ್ಲೇ ಇರಲಿ. ಟೌನ್‌ಹೌಸು, ಕಾಂಡೋಗಳಲ್ಲಿ ಹೊರಗಿನ ಪೈಪು ಹಲವು ಕಡೆ ಅಸೋಸಿಯೇಷನ್ನಿನದು. ನೀವು ತಿಂಗಳು ತಿಂಗಳು ಕಟ್ಟುವ ಶುಲ್ಕದಲ್ಲೇ ಅದು ಸೇರಿರುವಾಗ ವಾರಂಟಿ ಕೊಂಡರೆ ಒಂದೇ ಪೈಪಿಗೆ ಎರಡು ಸಲ ದುಡ್ಡು ತೆತ್ತಂತೆ. ನಮ್ಮ ಹುಡುಗರು ಮೊದಲು ಕೊಳ್ಳುವುದು ಟೌನ್‌ಹೌಸನ್ನೇ ಆದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಸೆಪ್ಟಿಕ್ ಟ್ಯಾಂಕು, ಸ್ವಂತ ಬಾವಿ ಇರುವವರಿಗೆ ಈ ಸಾಮಾನ್ಯ ವಾರಂಟಿ ಅನ್ವಯಿಸುವುದಿಲ್ಲ. ಉಳಿದದ್ದು 1970ಕ್ಕಿಂತ ಹಳೆಯ ಬಿಡಿ ಮನೆ, ದೊಡ್ಡ ಮರ, ರಸ್ತೆಯ ನಡುವಿನ ತನಕ ಜವಾಬ್ದಾರಿ, ಬ್ಯಾಂಕಿನಲ್ಲಿ ತುರ್ತಿಗೆಂದು ತೆಗೆದಿಟ್ಟ ಹಣವಿಲ್ಲ, ಇನ್ಶೂರೆನ್ಸ್‌ನವರು ಪುರವಣಿ ಕೊಡುವುದಿಲ್ಲ ಎನ್ನುವವರು. ಅಂಥವರು ವಾರಂಟಿ ತೆಗೆದುಕೊಳ್ಳುವುದರಲ್ಲಿ ಅರ್ಥವಿದೆ.

ಇದೆಲ್ಲಕ್ಕೂ ಮುಂಚೆ ನಿಮ್ಮ ಪೈಪು ಯಾವುದರದು ಎಂಬುದು ತಿಳಿದಿರಬೇಕು. ನೀರಿನ ಪೈಪಿಗೆ ಬೇಸ್‌ಮೆಂಟಿನಲ್ಲಿ ಗೋಡೆ ತೂರಿ ಒಳಬರುವ ಜಾಗದಲ್ಲಿ ಒಂದು ನಾಣ್ಯದಿಂದ ಮೆಲ್ಲಗೆ ಕೆರೆಯಿರಿ. ತಾಮ್ರವಾದರೆ ತಾಮ್ರದ ಬಣ್ಣವೇ ಕಾಣುತ್ತದೆ. ಬೂದು ಬಣ್ಣವಿದ್ದು ಅಯಸ್ಕಾಂತ ಅಂಟಿಕೊಂಡರೆ ಸತು ಬಳಿದ ಕಬ್ಬಿಣ. ಮೆತ್ತಗಿದ್ದು, ಕೆರೆದಲ್ಲಿ ಬೆಳ್ಳಿಯಂತೆ ಹೊಳೆದು, ಅಯಸ್ಕಾಂತಕ್ಕೆ ಅಂಟದಿದ್ದರೆ ಸೀಸ. ಕೈಹಾಕುವುದೇ ಬೇಡವೆನ್ನುವವರು ಊರಿನ ನೀರು ಸರಬರಾಜಿನ ವೆಬ್‌ಸೈಟ್ ನೋಡಿ. ದೇಶದ ಎಲ್ಲ ಸಾರ್ವಜನಿಕ ನೀರು ಸರಬರಾಜುದಾರರೂ ಮನೆಮನೆಯ ಪೈಪು ಯಾವ ಲೋಹದ್ದೆಂಬ ಪಟ್ಟಿಯನ್ನು 2024ರ ಅಕ್ಟೋಬರ್ 16ರೊಳಗೆ ಸಿದ್ಧಪಡಿಸಬೇಕೆಂದು ಪರಿಸರ ಸಂರಕ್ಷಣಾ ಸಂಸ್ಥೆ ಗಡುವು ಕೊಟ್ಟಿತ್ತು. ಸೀಸದ ಪೈಪು ಸಿಕ್ಕಿದವರಿಗೆ ಒಂದು ಮಾತು: ವಾರಂಟಿ ಸೋರಿದ ಪೈಪಿಗೆ, ವಿಷದ ಪೈಪಿಗಲ್ಲ. ಸೋರದೆ ಗಟ್ಟಿಯಾಗಿರುವ ಸೀಸದ ಪೈಪನ್ನು ಆರೋಗ್ಯದ ಕಾರಣಕ್ಕೆ ಬದಲಿಸಿಕೊಡಿ ಎಂದರೆ ಅವರು ಕೊಡಲಿಕ್ಕಿಲ್ಲ. ಅದಕ್ಕೆ ಊರನ್ನೇ ಕೇಳಬೇಕು. ನ್ಯೂಜೆರ್ಸಿಯ ನೆವಾರ್ಕ್ ಸುಮಾರು 23,000 ಸೀಸದ ಪೈಪುಗಳನ್ನು ಮೂರು ವರ್ಷದೊಳಗೆ ಮನೆಯವರಿಂದ ಒಂದು ಡಾಲರೂ ಕೇಳದೆ ಬದಲಾಯಿಸಿದೆ.

ಚರಂಡಿ ಪೈಪಿಗೆ ಕ್ಯಾಮೆರಾವೇ ದಾರಿ. ಕೆಲವು ನೂರು ಡಾಲರ್ ಖರ್ಚು, ಆದರೆ ವಿಡಿಯೋ ನಿಮ್ಮ ಹತ್ತಿರ ಉಳಿಯುತ್ತದೆ. ವಿಡಿಯೋ ತೆಗೆದವನೇ “ಪೂರ್ತಿ ಬದಲಾಯಿಸಬೇಕು ಸಾರ್” ಎಂದರೆ ಅದನ್ನು ಇನ್ನೊಬ್ಬನಿಗೆ ತೋರಿಸಿ. ನನ್ನ ಭಾವ ಹಾಗೆಯೇ ಮಾಡಿದರು. ಎರಡನೆಯವನು ಕುಸಿದ ಭಾಗವನ್ನಷ್ಟೇ ಅಗೆದು, ಉಳಿದುದಕ್ಕೆ ಒಳಗಿನಿಂದ ಹೊಸ ಪದರ ಹಾಕಿದ. ರಾಳದಲ್ಲಿ ನೆನೆಸಿದ ಬಟ್ಟೆಯ ಚೀಲವನ್ನು ಹಳೆಯ ಪೈಪಿನೊಳಗೆ ತೂರಿಸಿ ಉಬ್ಬಿಸುತ್ತಾರೆ, ಅದು ಗಟ್ಟಿಯಾಗಿ ಪೈಪಿನೊಳಗೊಂದು ಪೈಪು ತಯಾರಾಗುತ್ತದೆ. 1971ರಲ್ಲಿ ಲಂಡನ್ನಿನಲ್ಲಿ ಎರಿಕ್ ವುಡ್ ಎಂಬಾತ ಮೊದಲು ಮಾಡಿ ತೋರಿಸಿದ ಉಪಾಯ ಇದು. ಮೇಪಲ್ ಮರ ಉಳಿಯಿತು. ಅಗೆಯುವ ಮುಂಚೆ 811ಕ್ಕೆ ಫೋನು ಮಾಡಿದ್ದರಿಂದ ಅಂಗಳದ ತುಂಬ ನೀರಿಗೆ ನೀಲಿ, ಚರಂಡಿಗೆ ಹಸಿರು, ಗ್ಯಾಸಿಗೆ ಹಳದಿ, ಕರೆಂಟಿಗೆ ಕೆಂಪು ಬಾವುಟ ನೆಟ್ಟಿದ್ದರು. ಚಿಕ್ಕಮ್ಮನಿಗೆ ಅದು ಊರ ಜಾತ್ರೆಯ ನೆನಪು ತಂದಿತಂತೆ. ಈ ಕರೆ ಪುಕ್ಕಟೆ, ಗುಲಾಬಿ ಗಿಡಕ್ಕೆ ಗುಂಡಿ ತೋಡುವವರೂ ಮಾಡಬೇಕಾದದ್ದು.

ಮನೆ ಇನ್ನೂ ಕೊಳ್ಳದೆ ಹುಡುಕುತ್ತಿರುವವರ ಕೈಯಲ್ಲಿ ಉಳಿದವರಿಗಿಲ್ಲದ ಒಂದು ಹಿಡಿತವಿದೆ. ಸಾಮಾನ್ಯ ಹೋಮ್ ಇನ್ಸ್‌ಪೆಕ್ಷನ್‌ನಲ್ಲಿ ನೆಲದಡಿಯ ಪೈಪು ನೋಡುವುದಿಲ್ಲ. ಕ್ಯಾಮೆರಾ ಪರೀಕ್ಷೆ ಬೇಕೆಂದು ನೀವೇ ಕೇಳಬೇಕು, ಸಹಿಗೆ ಮುಂಚೆ ಕೇಳಬೇಕು. ಕ್ಯಾಲಿಫೋರ್ನಿಯದ ಓಕ್ಲೆಂಡ್ ಸುತ್ತಮುತ್ತ ಕೇಳುವ ಪ್ರಮೇಯವೂ ಇಲ್ಲ. ಸೋರುವ ಮನೆ ಪೈಪುಗಳೊಳಗೆ ಮಳೆನೀರು ನುಗ್ಗಿ, ಶುದ್ಧೀಕರಣ ಘಟಕಗಳು ತಡೆಯಲಾರದೆ ಕೊಳಚೆ ಕೊಲ್ಲಿಗೆ ಹರಿಯುತ್ತಿದ್ದುದರಿಂದ, ಮನೆ ಮಾರುವಾಗ ಚರಂಡಿ ಪೈಪು ಸೋರುವುದಿಲ್ಲ ಎಂಬ ಸರ್ಟಿಫಿಕೇಟ್ ಕೊಡಲೇಬೇಕೆಂದು ಅಲ್ಲಿ ನಿಯಮವಿದೆ. ಪೂರ್ತಿ ಹೊಸ ಪೈಪು ಹಾಕಿಸಿದರೆ ಸರ್ಟಿಫಿಕೇಟ್ 20 ವರ್ಷ ಸಲ್ಲುತ್ತದೆ, ರಿಪೇರಿಯಿಲ್ಲದೆ ಪರೀಕ್ಷೆ ಪಾಸಾದರೆ 7 ವರ್ಷ. ಆ ಕಡೆ ಮನೆ ನೋಡುತ್ತಿರುವವರು ಅಡುಗೆಮನೆಯ ಗ್ರಾನೈಟ್ ನೋಡಿ ಮರುಳಾಗುವ ಮುಂಚೆ ಆ ಸರ್ಟಿಫಿಕೇಟಿನ ತಾರೀಕು ನೋಡಲಿ.